ಬೇರೆ ಡಿಗ್ರಿ ಮುಗಿಸಿದ ಮೇಲೆ ರಿಜಿಸ್ಟರ್ಡ್ ನರ್ಸ್ ಆಗಬಹುದಾ? ಎಲ್ಲಿಂದ ಶುರು ಮಾಡಲಿ?

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಈಗ 29. ಕಾಮರ್ಸ್ ಡಿಗ್ರಿ ಮಾಡಿ ಆರು ವರ್ಷದಿಂದ ಅಕೌಂಟ್ಸ್ ಕೆಲಸದಲ್ಲಿ ಇದ್ದೇನೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ಕಳೆದ ವರ್ಷ ಅಪ್ಪ 23 ದಿನ ಆಸ್ಪತ್ರೆಯಲ್ಲಿ ಇದ್ದರು, ರಾತ್ರಿ ನಾನೇ ಜೊತೆಗೆ ಇರುತ್ತಿದ್ದೆ. ಒಂದು ರಾತ್ರಿ ಎರಡೂವರೆ ಇರಬೇಕು, ಸಿಸ್ಟರ್ ಒಬ್ಬರು ಬಂದು ಸುಮ್ನೆ ಅಪ್ಪನ ಎದೆ ನೋಡುತ್ತಾ ನಿಂತರು. ವಾಚ್ ನೋಡುತ್ತಾರೆ, ಎದೆ ನೋಡುತ್ತಾರೆ. ಒಂದು ನಿಮಿಷ ಪೂರ್ತಿ. ಮಾನಿಟರ್ ಏನೂ ಕೂಗಿರಲಿಲ್ಲ, ಅಪ್ಪ ಮಲಗಿದ್ದರು, ನನಗಂತೂ ಎಲ್ಲ ಸರಿಯಾಗಿಯೇ ಇದೆ ಅನ್ನಿಸಿತ್ತು. ಅವರು ಹೋಗಿ ಡಾಕ್ಟರನ್ನು ಎಬ್ಬಿಸಿಕೊಂಡು ಬಂದರು. ಉಸಿರು ನಿಮಿಷಕ್ಕೆ 28 ಇತ್ತಂತೆ. ಬೆಳಗಾಗುವಷ್ಟರಲ್ಲಿ ಅಪ್ಪನನ್ನು ಐಸಿಯುಗೆ ಹಾಕಿದ್ದರು. ಈಗ ಮನೆಯಲ್ಲಿ ಆರಾಮಾಗಿದ್ದಾರೆ.

ಆ ಒಂದು ನಿಮಿಷ ನನ್ನ ತಲೆಯಿಂದ ಹೋಗುತ್ತಿಲ್ಲ. ನಾನೂ ಆ ಕೆಲಸ ಕಲಿಯಬೇಕು ಅಂತ ಆಗಿದೆ.

ಈಗ ಗೊಂದಲ. ಹುಡುಕಿದರೆ ಆರು ತಿಂಗಳ ನರ್ಸಿಂಗ್ ಕೋರ್ಸ್ ಅಂತಲೂ ಬರುತ್ತದೆ, ಒಂದು ವರ್ಷದ್ದೂ ಇದೆ, ಡಿಪ್ಲೊಮಾ ಇದೆ, ನಾಲ್ಕು ವರ್ಷದ ಡಿಗ್ರಿ ಇದೆ. ಎಲ್ಲದಕ್ಕೂ ಕೊನೆಯಲ್ಲಿ ನರ್ಸ್ ಅಂತಲೇ ಬರೆದಿದ್ದಾರೆ. ಹಾಗಾದರೆ ರಿಜಿಸ್ಟರ್ಡ್ ಅನ್ನೋದು ಏನು? ಅದು ಕೋರ್ಸಾ, ಪರೀಕ್ಷೆನಾ, ಲೈಸೆನ್ಸಾ? ನಾನು ವಿಜ್ಞಾನ ಹತ್ತನೇ ಕ್ಲಾಸಿಗೇ ಬಿಟ್ಟವನು. ಈ ವಯಸ್ಸಿನಲ್ಲಿ ಬಾಗಿಲು ಮುಚ್ಚಿದೆಯಾ? ಇರುವ ಕಡೆಯೇ ಓದಬೇಕಾ, ಬೇರೆ ದೇಶಕ್ಕೆ ಹೋಗಬೇಕಾ ಅನ್ನೋದೂ ನಿರ್ಧಾರ ಆಗಿಲ್ಲ, ಅದಕ್ಕೇ ಒಂದೇ ಕಡೆಯ ಲೆಕ್ಕ ಬೇಡ, ಒಟ್ಟಾರೆ ದಾರಿ ಹೇಗಿರುತ್ತದೆ ಅಂತ ಗೊತ್ತಿದ್ದವರು ಹೇಳಿ.

—

ನೈಟ್‌ಡ್ಯೂಟಿ:

ಮೊದಲು ನಿಮ್ಮ ಅಪ್ಪ ಆರಾಮಾಗಿದ್ದಾರಲ್ಲ, ಅದು ಸಂತೋಷ. ಆ ಸಿಸ್ಟರ್ ಮಾಡಿದ್ದು ಸರಿಯಾದ ಕೆಲಸ. ದೊಡ್ಡವರಲ್ಲಿ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು. ಮೈಗೆ ತೊಂದರೆ ಶುರುವಾದರೆ ಎಷ್ಟೋ ಸಲ ಮೊದಲು ಏರುವುದು ಅದೇ, ಆಕ್ಸಿಜನ್ ನಂಬರ್ ಇನ್ನೂ ಚೆನ್ನಾಗಿಯೇ ಕಾಣುತ್ತಿರುತ್ತದೆ. ಎಣಿಸದೆ ಸುಮ್ನೆ 18 ಅಂತ ಬರೆದು ಹೋಗುವವರೂ ಇದ್ದಾರೆ, ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.

ನಾನು ಈ ಕೆಲಸದಲ್ಲಿ 14 ವರ್ಷದಿಂದ ಇದ್ದೇನೆ. ನೀವು ಕೋರ್ಸ್‌ನಿಂದ ಹುಡುಕಲು ಶುರು ಮಾಡಿದ್ದೀರಿ, ಅದಕ್ಕೇ ಗೊಂದಲ ಆಗಿದೆ. ಹಿಂದಿನಿಂದ ಬನ್ನಿ. ರಿಜಿಸ್ಟರ್ಡ್ ಅಂದರೆ ನಿಜವಾಗಿಯೂ ಒಂದು ರಿಜಿಸ್ಟರ್ ಇದೆ, ಅದರಲ್ಲಿ ನಿಮ್ಮ ಹೆಸರು ಮತ್ತು ಒಂದು ನಂಬರ್ ಇದೆ ಅಂತ ಅರ್ಥ, ಅಷ್ಟೇ. ಆ ರಿಜಿಸ್ಟರ್ ಇಟ್ಟುಕೊಂಡಿರುವುದು ಕಾಲೇಜಲ್ಲ, ಆಸ್ಪತ್ರೆಯೂ ಅಲ್ಲ. ಕಾನೂನಿನ ಪ್ರಕಾರ ಇರುವ ನರ್ಸಿಂಗ್ ಕೌನ್ಸಿಲ್ ಅಥವಾ ಬೋರ್ಡ್. ಭಾರತದಲ್ಲಿ ಆಯಾ ರಾಜ್ಯದ ಕೌನ್ಸಿಲ್ ಹೆಸರು ಬರೆದುಕೊಳ್ಳುತ್ತದೆ, ಓದು ಹೇಗಿರಬೇಕು ಅನ್ನೋದನ್ನು 1947ರ ಕಾನೂನಿನಿಂದ ಬಂದ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಗದಿ ಮಾಡುತ್ತದೆ. ಬ್ರಿಟನ್‌ನಲ್ಲಿ ಎನ್‌ಎಂಸಿ (ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್) ಅಂತ ಒಂದೇ ಸಂಸ್ಥೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಬೋರ್ಡ್.

ಇದು ಯಾಕೆ ಬಂತು ಗೊತ್ತಾ? ಮೊದಲು ಯಾರು ಬೇಕಾದರೂ ನಾನು ನರ್ಸ್ ಅನ್ನಬಹುದಿತ್ತು. ಮೂರು ವರ್ಷ ವಾರ್ಡಿನಲ್ಲಿ ಕಲಿತವರೂ ನರ್ಸೇ, ನಿನ್ನೆ ಏಪ್ರನ್ ಹೊಲಿಸಿಕೊಂಡವರೂ ನರ್ಸೇ. ರೋಗಿಗೆ ಹೇಗೆ ಗೊತ್ತಾಗಬೇಕು ಹೇಳಿ. 1901ರಲ್ಲಿ ನ್ಯೂಜಿಲೆಂಡ್ ಇದಕ್ಕೇ ಅಂತ ಪ್ರತ್ಯೇಕ ಕಾನೂನು ಮಾಡಿತು. ಮುಂದಿನ ಜನವರಿಯಲ್ಲಿ ಎಲೆನ್ ಡೌಗರ್ಟಿ ಅನ್ನುವವರ ಹೆಸರು ಆ ರಿಜಿಸ್ಟರಿನಲ್ಲಿ ಮೊದಲನೆಯದಾಗಿ ಬಂತು. ಅಮೆರಿಕದಲ್ಲಿ 1903ರಲ್ಲಿ ನಾರ್ತ್ ಕ್ಯಾರೊಲಿನಾ ಶುರು ಮಾಡಿತು, ಬ್ರಿಟನ್‌ಗೆ 1919ರ ತನಕ ಟೈಮ್ ಹಿಡಿಯಿತು. ನೈಟಿಂಗೇಲ್ ಅವರ ತರಬೇತಿ ಶಾಲೆ ಲಂಡನ್‌ನಲ್ಲಿ ಶುರುವಾಗಿದ್ದು 1860ರಲ್ಲಿ, ಅಂದರೆ ಶಾಲೆ ಬಂದು 59 ವರ್ಷ ಆದ ಮೇಲೆ ರಿಜಿಸ್ಟರ್ ಬಂತು ಅಂತ ಲೆಕ್ಕ.

ಹಾಗಾಗಿ ಕೆಲಸ ಹೀಗೆ ಮಾಡಿ. ನೀವು ಎಲ್ಲಿ ಕೆಲಸ ಮಾಡಬೇಕು ಅಂತ ಇದ್ದೀರೋ ಅಲ್ಲಿನ ಕೌನ್ಸಿಲ್ ಯಾವುದು ಅಂತ ನೋಡಿ. ಅವರ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಕಾಲೇಜುಗಳ ಪಟ್ಟಿ ಇರುತ್ತದೆ. ಅದರಲ್ಲಿ ಕಾಲೇಜಿನ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸಿನ ಹೆಸರಿಗೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯಾ ನೋಡಬೇಕು. ಒಂದೇ ಕಟ್ಟಡದಲ್ಲಿ ಮೂರು ಕೋರ್ಸ್ ನಡೆಯುತ್ತಿರುತ್ತವೆ, ಎರಡಕ್ಕೆ ಮಾನ್ಯತೆ ಇರುತ್ತದೆ, ಮೂರನೆಯದು ಸುಮ್ನೆ ಸರ್ಟಿಫಿಕೇಟ್.

ಆರು ತಿಂಗಳ ಕೋರ್ಸ್ ಮಾಡಿದವರು ಸಹಾಯಕರಾಗುತ್ತಾರೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು. ಅದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ, ಒಳ್ಳೆಯ ಸಹಾಯಕರು ಇಲ್ಲದಿದ್ದರೆ ನನ್ನ ಡ್ಯೂಟಿ ನಡೆಯೋದೇ ಇಲ್ಲ. ಆದರೆ ಅದು ರಿಜಿಸ್ಟರ್ಡ್ ನರ್ಸ್ ಅಲ್ಲ. ನಡುವೆ ಇನ್ನೊಂದು ಮೆಟ್ಟಿಲು ಇದೆ, ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಅನ್ನುತ್ತಾರೆ, ಆಸ್ಟ್ರೇಲಿಯಾದಲ್ಲಿ ಎನ್‌ರೋಲ್ಡ್ ನರ್ಸ್. ಅವರಿಗೂ ಲೈಸೆನ್ಸ್ ಇದೆ. ಆದರೆ ರೋಗಿಯನ್ನು ಪರೀಕ್ಷೆ ಮಾಡಿ, ಏನು ನಡೆಯುತ್ತಿದೆ ಅಂತ ತೀರ್ಮಾನಿಸಿ, ಆರೈಕೆಯ ಪ್ಲಾನ್ ಹಾಕಿ, ಅದಕ್ಕೆ ಸಹಿ ಹಾಕುವ ಹೊಣೆ ರಿಜಿಸ್ಟರ್ಡ್ ನರ್ಸ್‌ದು. ತಪ್ಪಾದರೆ ಕೌನ್ಸಿಲ್ ಮುಂದೆ ನಿಲ್ಲಬೇಕಾದವರೂ ಅವರೇ. ಹೆಸರು ಬರೆದುಕೊಂಡವರು ಅದನ್ನು ಹೊಡೆದುಹಾಕಲೂಬಹುದು, ಅದನ್ನು ಮರೆಯಬೇಡಿ.

—

ಎರಡನೇಬ್ಯಾಚ್:

ನೈಟ್‌ಡ್ಯೂಟಿ ಹೇಳಿದ ಮೂರನೇ ಕೋರ್ಸ್ ಮಾಡಿದವಳು ನಾನೇ. ಒಂದು ವರ್ಷ. ಯೂನಿಫಾರ್ಮ್ ಇತ್ತು, ಬ್ಯಾಡ್ಜ್ ಇತ್ತು, ಕೊನೆಗೆ ಫ್ರೇಮ್ ಹಾಕಿದ ಸರ್ಟಿಫಿಕೇಟ್. ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕಲು ಹೋದ ದಿನ ಕೌಂಟರಿನಲ್ಲಿದ್ದವರು ಪಟ್ಟಿ ತಿರುಗಿಸಿ ನೋಡಿ ಈ ಕೋರ್ಸ್ ನಮ್ಮಲ್ಲಿ ಇಲ್ಲಮ್ಮ ಅಂದರು. ಸಂಸ್ಥೆಯವರನ್ನು ಕೇಳಿದರೆ, ನಾವು ರಿಜಿಸ್ಟ್ರೇಷನ್ ಆಗುತ್ತೆ ಅಂತ ಎಲ್ಲಿ ಬರೆದುಕೊಟ್ಟಿದ್ದೇವೆ ಅಂತ ತಿರುಗಿ ಕೇಳಿದರು. ನಿಜ, ಎಲ್ಲೂ ಬರೆದಿರಲಿಲ್ಲ. ಬಾಯಲ್ಲಿ ಮಾತ್ರ ಹೇಳಿದ್ದರು.

ಆಮೇಲೆ ಮತ್ತೆ ಮೊದಲಿನಿಂದ ಡಿಪ್ಲೊಮಾ ಸೇರಿದೆ. ಒಂದು ವರ್ಷ ಓದಿದ್ದಕ್ಕೆ ಒಂದು ದಿನದ ವಿನಾಯಿತಿಯೂ ಸಿಗಲಿಲ್ಲ. ಈಗ ರಿಜಿಸ್ಟರ್ಡ್ ಇದ್ದೇನೆ.

ಹಾಗಾಗಿ ಒಂದೇ ಮಾತು, ದುಡ್ಡು ಕಟ್ಟುವ ಮುಂಚೆ ಕೇಳಿ: ಈ ಕೋರ್ಸ್ ಮುಗಿಸಿದವರು ಯಾವ ಕೌನ್ಸಿಲ್‌ನಲ್ಲಿ, ಯಾವ ಹೆಸರಿನಲ್ಲಿ ರಿಜಿಸ್ಟರ್ ಆಗುತ್ತಾರೆ? ಹೋದ ವರ್ಷ ಮುಗಿಸಿದವರು ಇಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ.

—

ಪಾಠದಕ್ಕ:

ನಾನು ನರ್ಸಿಂಗ್ ಪಾಠ ಮಾಡುವವಳು. ಬಾಗಿಲು ಮುಚ್ಚಿದೆಯಾ ಅಂತ ಕೇಳಿದ್ದೀರಿ, ಇಲ್ಲ. ಆದರೆ ಯಾವ ಬಾಗಿಲು ಅನ್ನೋದು ದೇಶದಿಂದ ದೇಶಕ್ಕೆ ಬೇರೆ.

ಭಾರತದ ಲೆಕ್ಕ ಮೊದಲು ಹೇಳುತ್ತೇನೆ, ಕಾಮರ್ಸ್ ಅಂದಿರಲ್ಲ, ಅದಕ್ಕೆ. ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್‌ಗೆ ಹನ್ನೆರಡನೇ ತರಗತಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಲೇಬೇಕು. ಅದು ನಿಮಗೆ ಇಲ್ಲ. ಆದರೆ ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಆಂಡ್ ಮಿಡ್‌ವೈಫರಿ) ಡಿಪ್ಲೊಮಾಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು, ವಿಜ್ಞಾನ ಓದಿದ್ದರೆ ಒಳ್ಳೆಯದು ಅಂತ ಹೇಳುತ್ತಾರೆ ಅಷ್ಟೇ. ಜಿಎನ್‌ಎಂ ಮುಗಿಸಿದವರು ರಿಜಿಸ್ಟರ್ಡ್ ನರ್ಸ್ ಮತ್ತು ರಿಜಿಸ್ಟರ್ಡ್ ಮಿಡ್‌ವೈಫ್ (ಹೆರಿಗೆ ಮಾಡಿಸುವವರು) ಅಂತಲೇ ರಿಜಿಸ್ಟರ್ ಆಗುತ್ತಾರೆ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಓದಿ ಡಿಗ್ರಿ ಪಡೆಯಬಹುದು. ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಅಂತ ಎರಡು ವರ್ಷದ್ದೊಂದು ಇದೆ, ಅದು ಮುಖ್ಯವಾಗಿ ಹಳ್ಳಿ ಮಟ್ಟದ ತಾಯಿ-ಮಗುವಿನ ಆರೋಗ್ಯ ಕೆಲಸಕ್ಕೆ, ಅದರ ರಿಜಿಸ್ಟ್ರೇಷನ್ ಬೇರೆ. ವಯಸ್ಸಿನ ಮೇಲ್ಮಿತಿ ಇರುವ ಕೋರ್ಸುಗಳಿವೆ, ನಿಮಗೆ 29, ಹಾಗಾಗಿ ಯೋಚನೆ ಮಾಡುತ್ತಾ ಇನ್ನೂ ನಾಲ್ಕೈದು ವರ್ಷ ಕಳೆಯಬೇಡಿ.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಸುಮಾರು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರೂ, ನಾಲ್ಕು ವರ್ಷದ ಬಿಎಸ್‌ಎನ್ (ಅಲ್ಲಿನ ನರ್ಸಿಂಗ್ ಡಿಗ್ರಿ) ಮಾಡಿದವರೂ ಒಂದೇ ಪರೀಕ್ಷೆ ಬರೆದು ಒಂದೇ ಲೈಸೆನ್ಸ್ ಪಡೆಯುತ್ತಾರೆ. ಎರಡು ವರ್ಷ ಅಂತ ಹೇಳುತ್ತಾರೆ, ಆದರೆ ಅದಕ್ಕೆ ಮುಂಚೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಎಲ್ಲ ಮುಗಿಸಿ ಬನ್ನಿ ಅನ್ನುತ್ತಾರೆ, ಒಟ್ಟು ಮೂರು ವರ್ಷ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಥರ ಬೇರೆ ಡಿಗ್ರಿ ಇರುವವರಿಗೆ ಅಂತಲೇ ವೇಗದ ಬಿಎಸ್‌ಎನ್ ಇದೆ, ಸಾಮಾನ್ಯವಾಗಿ 12ರಿಂದ 18 ತಿಂಗಳು. ಕೇಳಲು ಚೆಂದ. ಅದನ್ನು ಓದುವಾಗ ಬೇರೆ ಕೆಲಸ ಮಾಡುತ್ತೇನೆ ಅನ್ನುವವರು ಒಂದು ತಿಂಗಳಲ್ಲೇ ಮಾತು ಬದಲಾಯಿಸುತ್ತಾರೆ.

ಬ್ರಿಟನ್‌ನಲ್ಲಿ 2013ರಿಂದ ಹೊಸದಾಗಿ ಸೇರುವವರಿಗೆಲ್ಲ ಡಿಗ್ರಿಯೇ ದಾರಿ, ಮೊದಲೇ ಬೇರೆ ಡಿಗ್ರಿ ಇದ್ದವರಿಗೆ ಎರಡು ವರ್ಷದ ಮಾಸ್ಟರ್ಸ್ ದಾರಿಯೂ ಇದೆ. ಅಲ್ಲಿ ಸೇರುವಾಗಲೇ ಒಂದು ವಿಭಾಗ ಆರಿಸಿಕೊಳ್ಳಬೇಕು: ದೊಡ್ಡವರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕೆಯ ತೊಂದರೆ ಇರುವವರು. ಜರ್ಮನಿಯಲ್ಲಿ ಮೂರು ವರ್ಷದ ತರಬೇತಿ, 2100 ಗಂಟೆ ಪಾಠ, 2500 ಗಂಟೆ ಪ್ರಾಕ್ಟಿಕಲ್. ಅಲ್ಲಿ ಕಲಿಯುವವರಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ, ಆದರೆ ಎಲ್ಲ ಜರ್ಮನ್ ಭಾಷೆಯಲ್ಲಿ. ಎರಡನ್ನೂ ಕೂಡಿಸಿ, 4600 ಬರುತ್ತದೆ ಅಲ್ವಾ? ಅದು ಸುಮ್ನೆ ಬಂದ ಸಂಖ್ಯೆಯಲ್ಲ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಸಾಮಾನ್ಯ ನರ್ಸ್ ಆಗಲು ಕನಿಷ್ಠ 4600 ಗಂಟೆಯ ತರಬೇತಿ ಬೇಕು, ಅದರಲ್ಲಿ ಕನಿಷ್ಠ ಅರ್ಧ ರೋಗಿಗಳ ಹತ್ತಿರ ಆಗಬೇಕು. ಒಕ್ಕೂಟ ಬಿಟ್ಟ ಮೇಲೂ ಬ್ರಿಟನ್ ಅದೇ ಲೆಕ್ಕ ಇಟ್ಟುಕೊಂಡಿದೆ.

ಯಾವ ದೇಶದ ಕೋರ್ಸ್ ನೋಡಿದರೂ ಈ ಅರ್ಧ ಭಾಗದ ಬಗ್ಗೆ ಕೇಳಿ. ವೆಬ್‌ಸೈಟಿನಲ್ಲಿ ಲ್ಯಾಬಿನ ಫೋಟೋ ಹಾಕಿರುತ್ತಾರೆ, ಹೊಳೆಯುವ ಗೊಂಬೆಗಳು. ಗೊಂಬೆಯ ಮೇಲೆ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವುದು ಕಲಿಯಬಹುದು, ಹೆದರಿದ ಮನುಷ್ಯನ ಕೈ ನಡುಗುವಾಗ ಹಾಕುವುದು ಕಲಿಯಲು ಆ ಮನುಷ್ಯನೇ ಬೇಕು. ಯಾವ ಆಸ್ಪತ್ರೆಗೆ ಪೋಸ್ಟಿಂಗ್, ಅಲ್ಲಿ ಎಷ್ಟು ಹಾಸಿಗೆ, ಹೆರಿಗೆ ವಾರ್ಡ್ ಇದೆಯಾ, ಮನೋರೋಗ ವಿಭಾಗ ಇದೆಯಾ, ಒಬ್ಬ ಟೀಚರ್ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ನನ್ನ ಅಭಿಪ್ರಾಯದಲ್ಲಿ ಕಾಲೇಜಿನ ಗುಣ ಗೊತ್ತಾಗುವುದು ಈ ಪ್ರಶ್ನೆಗಳಿಂದಲೇ, ಕಟ್ಟಡದಿಂದ ಅಲ್ಲ.

—

ಹೊಸಹೆಜ್ಜೆ:

ಅಕ್ಕ, ನೈಟ್‌ಡ್ಯೂಟಿ ಸರ್ (ಸರ್ ತಾನೇ?), ಎರಡನೇಬ್ಯಾಚ್ ಅವರೇ, ತುಂಬಾ ಧನ್ಯವಾದ. ನಾನು ನಿಜವಾಗಿಯೂ ಒಂದು ವರ್ಷದ ಕೋರ್ಸಿಗೆ ಅಡ್ವಾನ್ಸ್ ಕಟ್ಟುವವನಿದ್ದೆ. ಈಗಲೇ ಕೇಳಿದೆ, ಕೌನ್ಸಿಲ್ ವಿಷಯ ಎತ್ತಿದ ಕೂಡಲೇ ಆ ಕಡೆಯವರು ಆಮೇಲೆ ಫೋನ್ ಮಾಡುತ್ತೇವೆ ಅಂದರು. ಬಿಟ್ಟೆ.

ಡಿಪ್ಲೊಮಾ ಮಾಡಿದರೂ ರಿಜಿಸ್ಟರ್ಡ್, ಡಿಗ್ರಿ ಮಾಡಿದರೂ ರಿಜಿಸ್ಟರ್ಡ್ ಅಂದರೆ ಡಿಗ್ರಿ ಯಾಕೆ ಬೇಕು? ಮತ್ತೆ ಗಣಿತ, ಸೈನ್ಸ್ ಎಷ್ಟು ಕಷ್ಟ ಇರುತ್ತದೆ?

—

ನೈಟ್‌ಡ್ಯೂಟಿ:

ಮೇಡಂ. ಪರವಾಗಿಲ್ಲ, ಹೆಸರೇ ಹಾಗಿದೆ.

—

ಪಾಠದಕ್ಕ:

ಡಿಗ್ರಿ-ಡಿಪ್ಲೊಮಾ ಜಗಳ ನಮ್ಮ ಸ್ಟಾಫ್ ರೂಮಿನಲ್ಲಿ ಎಂದೂ ಮುಗಿಯಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. 2003ರಲ್ಲಿ ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಅವರ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ನೋಡಿತು. ಡಿಗ್ರಿ ಇರುವ ನರ್ಸ್‌ಗಳ ಪ್ರಮಾಣ ಶೇಕಡಾ 10ರಷ್ಟು ಜಾಸ್ತಿ ಇದ್ದ ಕಡೆ, ಆಪರೇಷನ್ ಆದ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇಕಡಾ 5ರಷ್ಟು ಕಡಿಮೆ ಇತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಲೆಕ್ಕದಲ್ಲೂ ಇಂಥದ್ದೇ ಬಂತು, ಅಲ್ಲಿ ಶೇಕಡಾ 7. ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನೇ ಮಾಡಿತು, ಹೊಸದಾಗಿ ರಿಜಿಸ್ಟರ್ ಆದವರು 10 ವರ್ಷದೊಳಗೆ ಡಿಗ್ರಿ ಮಾಡಿಕೊಳ್ಳಬೇಕು ಅಂತ.

ಹಾಗಂತ ಡಿಗ್ರಿ ಇರುವ ಪ್ರತಿಯೊಬ್ಬರೂ ಡಿಪ್ಲೊಮಾದವರಿಗಿಂತ ಮೇಲು ಅಂತ ಇದರಿಂದ ಹೇಳಲು ಬರಲ್ಲ. ಇವು ಇಡೀ ಆಸ್ಪತ್ರೆಯ ಲೆಕ್ಕ, ಒಬ್ಬ ನರ್ಸ್‌ದಲ್ಲ. ನನಗೆ ವಾರ್ಡಿನಲ್ಲಿ ಕೆಲಸ ಕಲಿಸಿದವರು ಡಿಪ್ಲೊಮಾ ಮಾಡಿದ ಹಿರಿಯ ಸಿಸ್ಟರ್, ಅವರ ಕಣ್ಣು ನನಗೆ ಇನ್ನೂ ಬಂದಿಲ್ಲ. ಆದರೆ ಪಾಠ ಮಾಡಬೇಕು, ಮುಂದೆ ಎಂ.ಎಸ್ಸಿ ಮಾಡಬೇಕು, ಸಮುದಾಯ ಆರೋಗ್ಯದ ದೊಡ್ಡ ಹುದ್ದೆಗೆ ಹೋಗಬೇಕು ಅಂದರೆ ಡಿಗ್ರಿ ಕೇಳುತ್ತಾರೆ. ನಿಮ್ಮ ಪರಿಸ್ಥಿತಿಯಲ್ಲಿ ಡಿಪ್ಲೊಮಾ ಮಾಡಿ ರಿಜಿಸ್ಟರ್ ಆಗಿ, ಕೆಲಸ ಮಾಡುತ್ತಾ ಎರಡು ವರ್ಷ ಕಳೆದ ಮೇಲೆ ಡಿಗ್ರಿ ನೋಡುವುದು ಮೂರ್ಖತನ ಅಲ್ಲವೇ ಅಲ್ಲ.

—

ಬಿಳಿಶೂ:

ಗಣಿತದ ಪ್ರಶ್ನೆಗೆ ನಾನು ಉತ್ತರ ಕೊಡಲಾ? ಮೂರನೇ ವರ್ಷದಲ್ಲಿ ಇದ್ದೇನೆ.

ಅಣ್ಣಾ, ನಿಮಗೆ ಗಣಿತ ಏನೂ ಅಲ್ಲ, ಅಕೌಂಟ್ಸ್ ಮಾಡಿದವರು. 500 ಎಂಎಲ್ ಡ್ರಿಪ್, 4 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಎಂಎಲ್‌ಗೆ 15 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? 500ನ್ನು 15ರಿಂದ ಗುಣಿಸಿ 240ರಿಂದ ಭಾಗಿಸಿ, 31 ಬರುತ್ತದೆ. ಇಷ್ಟೇ ಗಣಿತ. ಕಷ್ಟ ಏನಂದರೆ ಇದನ್ನು ಬೆಳಗಿನ ಜಾವ ನಾಲ್ಕಕ್ಕೆ, ಪಕ್ಕದ ಹಾಸಿಗೆಯವರು ಕರೆಯುತ್ತಿರುವಾಗ ಮಾಡಬೇಕು. ದಶಮಾಂಶದ ಚುಕ್ಕಿ ಒಂದು ಮನೆ ಆಚೆ ಹೋದರೆ ಹತ್ತು ಪಟ್ಟು ಡೋಸ್. ಬ್ರಿಟನ್‌ನಲ್ಲಿ ಕೊನೆಯ ವರ್ಷದ ಡೋಸ್ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೆ ಮಾತ್ರ ಪಾಸ್ ಅಂತೆ, ನಮ್ಮ ಟೀಚರ್ ಹೇಳಿದಾಗ ಕ್ಲಾಸಿನಲ್ಲಿ ಎಲ್ಲರೂ ಅಯ್ಯೋ ಅಂದೆವು. ಆಮೇಲೆ ಯೋಚಿಸಿದರೆ ಸರಿ ಅನ್ನಿಸಿತು. 90 ಮಾರ್ಕ್ಸ್ ಅಂದರೆ ಹತ್ತರಲ್ಲಿ ಒಬ್ಬ ರೋಗಿಗೆ ತಪ್ಪು ಡೋಸ್ ತಾನೇ?

ಸೈನ್ಸ್ ಮೊದಲ ವರ್ಷ ಕಷ್ಟ. ಸುಳ್ಳು ಹೇಳಲ್ಲ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ನ್ಯೂಟ್ರಿಷನ್ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಬರೀ ಬಾಯಿಪಾಠ ಮಾಡಿದವರು ಎರಡನೇ ವರ್ಷ ಒದ್ದಾಡುತ್ತಾರೆ, ಯಾಕೆಂದರೆ ಆಗ ಫಾರ್ಮಕಾಲಜಿ, ಅಂದರೆ ಔಷಧಿಗಳ ಪಾಠ ಬರುತ್ತದೆ, ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಅಂತ ಅರ್ಥ ಆಗಿರದಿದ್ದರೆ ಈ ಮಾತ್ರೆ ಕೊಟ್ಟ ಮೇಲೆ ಪೊಟ್ಯಾಸಿಯಂ ಯಾಕೆ ನೋಡಬೇಕು ಅಂತ ಗೊತ್ತೇ ಆಗಲ್ಲ. ಸೇರುವ ಮುಂಚೆ ನಾಲ್ಕು ತಿಂಗಳು ಸಿಕ್ಕರೆ ಬಯಾಲಜಿಯ ಶಾಲೆ ಪುಸ್ತಕ ತಿರುಗಿಸಿ, ಹೃದಯ, ಶ್ವಾಸಕೋಶ, ಕಿಡ್ನಿ ಮೂರು ಗಟ್ಟಿ ಮಾಡಿಕೊಳ್ಳಿ.

ಯಾರೂ ಹೇಳದ ಕಷ್ಟ ಬರೆಯುವುದು. ಕೇರ್ ಪ್ಲಾನ್, ಕೇಸ್ ಸ್ಟಡಿ, ಪ್ರಾಕ್ಟಿಕಲ್ ರೆಕಾರ್ಡ್, ಲಾಗ್‌ಬುಕ್‌ನಲ್ಲಿ ಸಹಿ. ಡ್ಯೂಟಿ ಮುಗಿಸಿ ಬಂದು ಕಾಲು ಬಕೆಟ್ಟಿನ ಬಿಸಿನೀರಿನಲ್ಲಿ ಇಟ್ಟುಕೊಂಡು ಕೇಸ್ ಬರೆಯುತ್ತಾ ಕೂತವರು ನಮ್ಮ ಹಾಸ್ಟೆಲಿನಲ್ಲಿ ಎಲ್ಲ ರೂಮಿನಲ್ಲೂ ಇದ್ದಾರೆ. ಶೂ ಮಾತ್ರ ಒಳ್ಳೆಯದು ತಗೊಳ್ಳಿ.

ಇನ್ನೊಂದು ವಿಷಯ. ಮೊದಲ ವರ್ಷ ನನಗೆ ಕೊಟ್ಟಿದ್ದ ರೋಗಿ ಒಬ್ಬರು ಅಜ್ಜಿ. ಮೂರು ದಿನ ಅವರ ತಲೆ ಬಾಚಿದೆ, ಊಟ ಮಾಡಿಸಿದೆ. ನಾಲ್ಕನೇ ದಿನ ಹೋದರೆ ಹಾಸಿಗೆ ಮೇಲೆ ಹೊಸ ಬೆಡ್‌ಶೀಟ್. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಸೀದಾ ಸ್ಟೋರ್ ರೂಮಿಗೆ ಹೋಗಿ ಅತ್ತೆ. ಇನ್‌ಚಾರ್ಜ್ ಸಿಸ್ಟರ್ ಬಂದು ಬೈಯುತ್ತಾರೆ ಅಂದುಕೊಂಡೆ, ಅವರು ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಹೊರಗೆ ನಿಂತಿದ್ದರು. ಇದಕ್ಕೆ ಸಿಲಬಸ್‌ನಲ್ಲಿ ಗಂಟೆ ಇಟ್ಟಿಲ್ಲ.

ನಿಮ್ಮ ಅಪ್ಪನ ಉಸಿರು ಎಣಿಸಿದ ಕಥೆ ಓದಿ ನಗು ಬಂತು, ಯಾಕಂದರೆ ನಮಗೆ ಮೊದಲ ತಿಂಗಳು ಕಲಿಸುವುದೇ ಅದು. ಎಣಿಸುತ್ತಿದ್ದೇವೆ ಅಂತ ರೋಗಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರು ಬದಲಾಗುತ್ತದೆ. ಅದಕ್ಕೆ ನಾಡಿ ಹಿಡಿದುಕೊಂಡ ಹಾಗೆ ನಟಿಸುತ್ತಾ ಎದೆ ನೋಡುತ್ತೇವೆ.

—

ಹೊಸಹೆಜ್ಜೆ:

ಬಿಳಿಶೂ, ಅಜ್ಜಿಯ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಸಿಸ್ಟರ್ ಕೂಡ ಅಪ್ಪನ ಮಣಿಕಟ್ಟು ಹಿಡಿದಿದ್ದರು ಅಂತ ಈಗ ನೆನಪಾಗುತ್ತಿದೆ!

ಕೊನೆಯ ಪ್ರಶ್ನೆ. ಒಂದು ದೇಶದಲ್ಲಿ ರಿಜಿಸ್ಟರ್ ಆದರೆ ಇನ್ನೊಂದು ಕಡೆ ನಡೆಯುತ್ತದಾ? ಎನ್‌ಕ್ಲೆಕ್ಸ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಎಲ್ಲರೂ ಬರೆಯಲೇಬೇಕಾ?

—

ನೈಟ್‌ಡ್ಯೂಟಿ:

ಹಾಗೇ ನಡೆಯಲ್ಲ. ಪ್ರತಿ ದೇಶದ ರಿಜಿಸ್ಟರ್ ಬೇರೆ, ಬಾಗಿಲಲ್ಲಿ ಮತ್ತೆ ತಪಾಸಣೆ ಇರುತ್ತದೆ. ಎನ್‌ಕ್ಲೆಕ್ಸ್ ಅಂದರೆ ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬರೆಯುವ ಪರೀಕ್ಷೆ, ಪಾಠದಕ್ಕ ಹೇಳಿದ್ದು ಅದೇ. ಕೆನಡಾದ ಬಹುತೇಕ ಪ್ರಾಂತ್ಯಗಳು 2015ರಿಂದ ಅದನ್ನೇ ತೆಗೆದುಕೊಂಡಿವೆ, ಆಸ್ಟ್ರೇಲಿಯಾ ಹೊರಗಿನಿಂದ ಬರುವ ಎಷ್ಟೋ ನರ್ಸ್‌ಗಳಿಗೆ ಅದನ್ನೇ ಇಟ್ಟಿದೆ. ಬ್ರಿಟನ್‌ಗೆ ಹೋಗುವವರಿಗೆ ಎನ್‌ಕ್ಲೆಕ್ಸ್ ಇಲ್ಲ. ಅಲ್ಲಿ ಕಂಪ್ಯೂಟರ್ ಪರೀಕ್ಷೆ ಒಂದು, ಆಮೇಲೆ ಓಸ್ಕಿ ಅಂತ ಪ್ರಾಕ್ಟಿಕಲ್ ಒಂದು, ಜೊತೆಗೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು. ಇಂಗ್ಲಿಷಿಗೆ ಐಇಎಲ್‌ಟಿಎಸ್ ಅಥವಾ ಒಇಟಿ. ಒಇಟಿಯಲ್ಲಿ ಆಸ್ಪತ್ರೆಯ ವಿಷಯವೇ ಇರುತ್ತದೆ, ನಮ್ಮವರಿಗೆ ಅದು ಸುಲಭ ಅನ್ನಿಸುತ್ತದೆ.

ಎನ್‌ಕ್ಲೆಕ್ಸ್ ಬಗ್ಗೆ ಒಂದು ತಮಾಷೆ ಗೊತ್ತಿರಲಿ. ನೀವು ಉತ್ತರ ಕೊಡುವ ರೀತಿ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150, ಐದು ಗಂಟೆ ಟೈಮ್. ಈ ವ್ಯಕ್ತಿ ಗೆರೆಯ ಮೇಲಿದ್ದಾನೋ ಕೆಳಗಿದ್ದಾನೋ ಅಂತ ಶೇಕಡಾ 95ರಷ್ಟು ಖಾತ್ರಿ ಆದ ಕೂಡಲೇ ಪರೀಕ್ಷೆ ಮುಗಿಯುತ್ತದೆ. ಹಾಗಾಗಿ 85ಕ್ಕೆ ಸ್ಕ್ರೀನ್ ಆರಿದರೆ ಪಾಸಾದವರೂ ಹೆದರುತ್ತಾರೆ, ಫೇಲಾದವರೂ ಹೆದರುತ್ತಾರೆ. ನಾನು 85ಕ್ಕೆ ಆರಿದ ಪರದೆ ನೋಡಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೆ. ಪಾಸಾಗಿತ್ತು. 2023ರ ಏಪ್ರಿಲ್‌ನಿಂದ ಪ್ರಶ್ನೆಗಳ ರೂಪವೂ ಬದಲಾಗಿದೆ, ಒಬ್ಬ ರೋಗಿಯ ಚಾರ್ಟ್ ಕೊಟ್ಟು ಈಗ ಏನು ಗಮನಿಸಿದಿರಿ, ಏನು ಮೊದಲು ಮಾಡುತ್ತೀರಿ, ಮಾಡಿದ ಮೇಲೆ ಏನು ನೋಡುತ್ತೀರಿ ಅಂತ ಸಾಲಾಗಿ ಕೇಳುತ್ತಾರೆ. ನೆನಪಿನ ಶಕ್ತಿ ಜಾಸ್ತಿ ಇರುವವರಿಗಿಂತ ವಾರ್ಡಿನಲ್ಲಿ ಕಣ್ಣು ಬಿಟ್ಟು ಕೆಲಸ ಮಾಡಿದವರಿಗೆ ಅದು ಒಗ್ಗುತ್ತದೆ.

ಹೊರಗೆ ಹೋಗುವ ಯೋಚನೆ ಇದ್ದರೆ ಮೊದಲ ದಿನದಿಂದಲೇ ಒಂದು ಫೈಲ್ ಮಾಡಿ. ಸಿಲಬಸ್ ಪ್ರತಿ, ಪ್ರತಿ ವಿಷಯದ ಪಾಠದ ಗಂಟೆ, ಪ್ರತಿ ವಾರ್ಡಿನ ಪ್ರಾಕ್ಟಿಕಲ್ ಗಂಟೆ, ಮಾರ್ಕ್ಸ್ ಕಾರ್ಡ್. ಹೊರಗಿನ ಕೌನ್ಸಿಲ್‌ಗಳು ಕೇಳುವುದು ಇದನ್ನೇ. ಮನೋರೋಗ ವಿಭಾಗದಲ್ಲಿ ಎಷ್ಟು ಗಂಟೆ ಇದ್ದಿರಿ ಅಂತ ಹತ್ತು ವರ್ಷ ಆದ ಮೇಲೆ ಕೇಳುತ್ತಾರೆ, ಆಗ ಕಾಲೇಜಿನ ಕ್ಲರ್ಕ್ ಬದಲಾಗಿರುತ್ತಾರೆ, ಕಪಾಟಿನ ಬೀಗದ ಕೈ ಸಿಗಲ್ಲ. ನಾನು ನನ್ನ ಗಂಟೆಗಳ ಪತ್ರಕ್ಕೆ ಐದು ತಿಂಗಳು ಅಲೆದಿದ್ದೇನೆ.

ಮತ್ತೆ ಹೆಸರು ಒಮ್ಮೆ ಬಂದರೆ ಮುಗಿಯಿತು ಅಂತ ಅಲ್ಲ. ಬ್ರಿಟನ್‌ನಲ್ಲಿ ಮೂರು ವರ್ಷಕ್ಕೊಮ್ಮೆ 450 ಗಂಟೆ ಕೆಲಸ ಮಾಡಿದ್ದು, 35 ಗಂಟೆ ಹೊಸದಾಗಿ ಕಲಿತದ್ದು ತೋರಿಸಬೇಕು. ಬೇರೆ ಕಡೆಗಳಲ್ಲೂ ನವೀಕರಣಕ್ಕೆ ಏನಾದರೂ ನಿಯಮ ಇದ್ದೇ ಇರುತ್ತದೆ.

—

ಎರಡನೇಬ್ಯಾಚ್:

ಹೆಸರಿನ ಕಾಗುಣಿತವನ್ನೂ ಸೇರಿಸಿ ಮೇಡಂ. ನನ್ನ ಶಾಲೆಯ ಕಾಗದದಲ್ಲಿ ಒಂದು ಇನಿಷಿಯಲ್, ಡಿಪ್ಲೊಮಾದಲ್ಲಿ ಎರಡು. ಇಬ್ಬರೂ ಒಬ್ಬಳೇ ಅಂತ ಸಾಬೀತು ಮಾಡಲು ಅಫಿಡವಿಟ್ ಮಾಡಿಸಬೇಕಾಯಿತು.

—

ಬಿಳಿಶೂ:

ಅಣ್ಣಾ, ಕೆಲಸ ಬಿಡುವ ಮುಂಚೆ ಎರಡು ವಾರ ರಜೆ ಹಾಕಿ ಎಲ್ಲಾದರೂ ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ಸ್ವಯಂಸೇವಕರಾಗಿ ಹೋಗಿ ನೋಡಿ. ವಾಂತಿ, ರಕ್ತ, ಬೆಡ್‌ಪ್ಯಾನ್ ಎಲ್ಲ ಒಂದು ಕಡೆ, ಅದಕ್ಕೆ ಮೂಗು ಒಗ್ಗಿಕೊಳ್ಳುತ್ತದೆ. ಬೈದ ರೋಗಿಗೆ ಮತ್ತೆ ಹೋಗಿ ನೀರು ಕೊಡಲು ಆಗುತ್ತದಾ ಅಂತ ನೋಡಿಕೊಳ್ಳಿ. ಮತ್ತೆ ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರು ಮಾಡಿ, ಸಾಮಾನ್ಯವಾಗಿ ಮೂರು ಡೋಸ್, ಮುಗಿಯಲು ಆರು ತಿಂಗಳು ಬೇಕು. ಪೋಸ್ಟಿಂಗ್ ಶುರುವಾಗುವ ಮುಂಚೆ ಕೇಳುತ್ತಾರೆ.

—

ಹೊಸಹೆಜ್ಜೆ:

ಎಲ್ಲ ಬರೆದುಕೊಂಡೆ. ಕೌನ್ಸಿಲ್ ಪಟ್ಟಿ ಇಳಿಸಿಕೊಂಡಿದ್ದೇನೆ, ಮೂರು ವರ್ಷದ ಡಿಪ್ಲೊಮಾ ಇರುವ ನಾಲ್ಕು ಕಾಲೇಜು ಗುರುತು ಹಾಕಿದ್ದೇನೆ, ನಾಲ್ಕಕ್ಕೂ ಪಾಠದಕ್ಕ ಹೇಳಿದ ಪ್ರಶ್ನೆಗಳನ್ನು ಕಳಿಸುತ್ತೇನೆ. ಲಸಿಕೆಗೆ ಶನಿವಾರ ಹೋಗುತ್ತಿದ್ದೇನೆ. ಅಪ್ಪನಿಗೆ ಇವತ್ತು ವಿಷಯ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಹಾಗಾದರೆ ರಾತ್ರಿ ಪಾಳಿಯೂ ಇರುತ್ತಾ ಅಂತ ಕೇಳಿದರು.

—

ನೈಟ್‌ಡ್ಯೂಟಿ:

ಇರುತ್ತೆ ಅಂತ ಹೇಳಿ. ಕಾಲೇಜುಗಳ ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.